ಮೇಜಿನ ಮೇಲೊಂದು ರಾಕೆಟ್

ಮಕ್ಕಳೇ, ತೆಂಗಿನ ಗರಿಯ ಗಿರಗಿಟ್ಟಿ, ಕಾಗದದ ದೋಣಿ, ಬೆಂಕಿಪೊಟ್ಟಣದ ರೈಲು ಇವನ್ನೆಲ್ಲ ನೀವು ಮಾಡಿರುತ್ತೀರಿ. ಬೆಂಕಿಪೊಟ್ಟಣದ ರೈಲು ನೋಡಲು ರೈಲಿನಂತೆಯೇ ಕಾಣುತ್ತದೆ. ಆದರೆ ನಿಜವಾದ ಬೋಗಿಯ ಉದ್ದವೆಷ್ಟು, ಅಗಲವೆಷ್ಟು ಎಂದು ತಿಳಿದು, ಅದೇ ಲೆಕ್ಕದಲ್ಲಿ ನಾವು ಅದನ್ನು ಮಾಡಿರುವುದಿಲ್ಲ. ಹಾಗೆ ಲೆಕ್ಕ ತಪ್ಪದೆ, ಎಲ್ಲ ಭಾಗಗಳನ್ನೂ ಒಂದೇ ಅಳತೆಯಲ್ಲಿ ಚಿಕ್ಕದಾಗಿಸಿ ಮಾಡಿದ ವಸ್ತುವಿಗೆ 'ಪ್ರಮಾಣಬದ್ಧ ಮಾದರಿ' ಎಂದು ಹೆಸರು.

ಇಂತಹ ಮಾದರಿಗಳನ್ನು ಮಾಡಲು ಬೇಕಾದ ಪ್ಲಾಸ್ಟಿಕ್ ಭಾಗಗಳು ಪೆಟ್ಟಿಗೆಯಲ್ಲಿ ಸಿಗುತ್ತವೆ. ಈ ಪೆಟ್ಟಿಗೆಯನ್ನು 'ಕಿಟ್' ಎನ್ನುತ್ತಾರೆ. ವಿಮಾನ, ಹಡಗು, ರಾಕೆಟ್ ಹೀಗೆ ಹಲವು ಬಗೆಯ ಕಿಟ್‌ಗಳಿವೆ. ಬನ್ನಿರಿ, ಮನುಷ್ಯರನ್ನು ಚಂದ್ರನತ್ತ ಕರೆದೊಯ್ದ ಸ್ಯಾಟರ್ನ್-5 ರಾಕೆಟ್‌ನ ಮಾದರಿಯನ್ನು ಮಾಡುವುದು ಹೇಗೆಂದು ತಿಳಿಯೋಣ.

ಪೆಟ್ಟಿಗೆಯ ಮೇಲಿನ ಅಂಕೆ

ಅಮೆರಿಕದ ಸ್ಯಾಟರ್ನ್-5 ರಾಕೆಟ್ 110.6 ಮೀಟರ್ ಎತ್ತರವಿತ್ತು. ಇಪ್ಪತ್ತು ಮೀಟರ್ ಎತ್ತರದ ಐದು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅದರ ತುದಿ ಮುಟ್ಟುವುದಿಲ್ಲ. 1967ರಿಂದ 1973ರವರೆಗೆ ಅದು 13 ಸಲ ಹಾರಿತು.

ಇಷ್ಟು ದೊಡ್ಡ ರಾಕೆಟ್ ಮೇಜಿನ ಮೇಲೆ ಹೇಗೆ ನಿಲ್ಲುತ್ತದೆ? ಪೆಟ್ಟಿಗೆಯ ಮೇಲೆ 1/144 ಎಂಬ ಅಂಕೆ ಇದೆಯೇ ನೋಡಿರಿ. ನಿಜವಾದ ರಾಕೆಟ್‌ನ 144 ಸೆಂಟಿಮೀಟರ್ ಈ ಮಾದರಿಯಲ್ಲಿ 1 ಸೆಂಟಿಮೀಟರ್ ಆಗುತ್ತದೆ ಎಂದು ಅದರ ಅರ್ಥ. 110.6 ಮೀಟರ್ ಎಂದರೆ 11,060 ಸೆಂಟಿಮೀಟರ್. ಇದನ್ನು 144ರಿಂದ ಭಾಗಿಸಿರಿ. ಸುಮಾರು 77 ಸೆಂಟಿಮೀಟರ್ ಬರುತ್ತದೆ. ನಿಮ್ಮ ಮಾದರಿಯ ಎತ್ತರ ಇಷ್ಟೇ.

ಈಗ ನಿಮ್ಮ ಎತ್ತರವನ್ನೂ ಹೀಗೆಯೇ ಭಾಗಿಸಿರಿ. ನೀವು 130 ಸೆಂಟಿಮೀಟರ್ ಎತ್ತರವಿದ್ದರೆ ಉತ್ತರ 9 ಮಿಲಿಮೀಟರ್. ಈ ರಾಕೆಟ್‌ನ ಪಕ್ಕದಲ್ಲಿ ನೀವು ಹೆಚ್ಚುಕಡಿಮೆ ಒಂದು ಭತ್ತದ ಕಾಳಿನಷ್ಟು ಇರುತ್ತೀರಿ!

ಕೊಳ್ಳುವ ಮೊದಲು

ಈ ರಾಕೆಟ್‌ನ ಕಿಟ್‌ಗಳು ಹೊರದೇಶಗಳಿಂದ ಬರುತ್ತವೆ. ಆದ್ದರಿಂದ ಬೆಲೆ ಹೆಚ್ಚು. ಒಬ್ಬರೇ ಕೊಳ್ಳಬೇಕೆಂದಿಲ್ಲ. ತರಗತಿಯವರೆಲ್ಲ ಸೇರಿ ವಿಜ್ಞಾನ ಸಂಘಕ್ಕೆ ಒಂದು ಕಿಟ್ ತರಿಸಬಹುದು. ಗಲ್ಫಿನಿಂದ ಊರಿಗೆ ಬರುವ ಮಾವನೋ ಚಿಕ್ಕಪ್ಪನೋ "ಏನು ತರಲಿ?" ಎಂದು ಕೇಳಿದರೆ ಇದನ್ನೂ ಹೇಳಿ ನೋಡಬಹುದು.

ಆದರೆ ಪೆಟ್ಟಿಗೆಯ ಮೇಲಿನ ಅಂದದ ಚಿತ್ರ ನೋಡಿ ಮರುಳಾಗಬೇಡಿರಿ. ಮೂರು ಸಂಗತಿಗಳನ್ನು ಓದಿರಿ. ಮೊದಲನೆಯದು ಪ್ರಮಾಣ. 1/96 ಎಂದಿದ್ದರೆ ಅದೇ ರಾಕೆಟ್ ಸುಮಾರು 115 ಸೆಂಟಿಮೀಟರ್ ಆಗುತ್ತದೆ. ಅದನ್ನು ಇಡಲು ನಿಮ್ಮ ಕಪಾಟಿನಲ್ಲಿ ಜಾಗವಿದೆಯೇ? ಎರಡನೆಯದು ವಯಸ್ಸು. ಯಾವ ವಯಸ್ಸಿನವರಿಗೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಮೂರನೆಯದು ಅಂಟು ಮತ್ತು ಬಣ್ಣ. ಹಲವು ಕಿಟ್‌ಗಳಲ್ಲಿ ಇವು ಇರುವುದಿಲ್ಲ. ಬೇರೆಯಾಗಿ ಕೊಳ್ಳಬೇಕಾಗುತ್ತದೆ.

ಪೆಟ್ಟಿಗೆ ತೆರೆದಾಗ

ಪೆಟ್ಟಿಗೆ ತೆರೆದರೆ ರಾಕೆಟ್ ಕಾಣಿಸುವುದಿಲ್ಲ! ಗೊನೆಯಲ್ಲಿ ಅಡಿಕೆಗಳು ಅಂಟಿಕೊಂಡಿರುವಂತೆ ಪ್ಲಾಸ್ಟಿಕ್ ಚೌಕಟ್ಟಿಗೆ ಪುಟ್ಟ ಪುಟ್ಟ ಭಾಗಗಳು ಅಂಟಿಕೊಂಡಿರುತ್ತವೆ. ಒಂದೊಂದು ಭಾಗದ ಬಳಿಯೂ ಒಂದೊಂದು ಸಂಖ್ಯೆ ಇರುತ್ತದೆ. ಜೊತೆಗೆ ಸೂಚನಾ ಹಾಳೆಯೂ ಇರುತ್ತದೆ. ಮೊದಲ ದಿನ ಅದನ್ನು ಕೊನೆಯವರೆಗೆ ಓದಿರಿ. ಅಷ್ಟೇ ಸಾಕು.

ಮರುದಿನ ಚೌಕಟ್ಟುಗಳನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿರಿ. ಅಚ್ಚಿನಿಂದ ಬಂದ ಜಿಡ್ಡು ಹೋದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಭಾಗಗಳನ್ನು ಕೈಯಿಂದ ತಿರುಚಿ ಕೀಳಬೇಡಿರಿ, ಮುರಿಯುತ್ತವೆ. ಉಗುರು ಕತ್ತರಿಯಿಂದ ಕತ್ತರಿಸಿರಿ. ಉಳಿದ ಮೊಳೆಯನ್ನು ನಯವಾದ ಮರಳು ಕಾಗದದಿಂದ ಉಜ್ಜಿರಿ. ಬ್ಲೇಡು ಬೇಕಾದ ಕೆಲಸವನ್ನು ಹಿರಿಯರಿಂದಲೇ ಮಾಡಿಸಿರಿ. ಬೇಕಾದಾಗ ಮಾತ್ರ, ಬೇಕಾದ ಭಾಗವನ್ನು ಮಾತ್ರ ಬಿಡಿಸಿರಿ. ಒಂದು ಭಾಗ ಕಳೆದುಹೋದರೆ ಅಂಗಡಿಯಲ್ಲಿ ಅದೊಂದೇ ಸಿಗುವುದಿಲ್ಲ.

ಅಂಟಿಗೆ ಮೊದಲು

ರಾಕೆಟ್‌ನ ದೊಡ್ಡ ಕೊಳವೆಗಳು ಉದ್ದಕ್ಕೆ ಸೀಳಿದ ಬಿದಿರಿನಂತೆ ಎರಡೆರಡು ಹೋಳುಗಳಾಗಿರುತ್ತವೆ. ಅವನ್ನು ಸೇರಿಸುವ ಅಂಟು ಕಾಗದಕ್ಕೆ ಹಚ್ಚುವ ಗೋಂದಿನಂತಲ್ಲ. ಅದು ಪ್ಲಾಸ್ಟಿಕ್ಕಿನ ಅಂಚನ್ನು ತುಸು ಕರಗಿಸುತ್ತದೆ. ಕರಗಿದ ಎರಡು ಅಂಚುಗಳು ಬೆರೆತು ಒಣಗಿದ ಮೇಲೆ ಒಂದೇ ತುಂಡಾಗುತ್ತವೆ. ಮತ್ತೆ ಬಿಡಿಸಲು ಬರುವುದಿಲ್ಲ. ಆದ್ದರಿಂದ ಅಂಟು ಹಚ್ಚುವ ಮೊದಲು ಭಾಗಗಳನ್ನು ಸುಮ್ಮನೆ ಜೋಡಿಸಿ ನೋಡಬೇಕು.

ಈ ಮಾತನ್ನು ನಾನು ಕಲಿತದ್ದು ತಪ್ಪು ಮಾಡಿದ ಮೇಲೆ. ಮೊದಲ ಸಲ ಈ ಮಾದರಿಯನ್ನು ಮಾಡುವಾಗ ಶಾಲೆಯ ವಿಜ್ಞಾನ ಮೇಳಕ್ಕೆ ಎರಡೇ ದಿನ ಉಳಿದಿತ್ತು. ಅವಸರದಲ್ಲಿ, ಜೋಡಿಸಿ ನೋಡದೆ ಅಂಟು ಹಚ್ಚಿಬಿಟ್ಟೆ. ಒಂದು ಹೋಳು ಇನ್ನೊಂದಕ್ಕಿಂತ ಒಂದೇ ಒಂದು ಮಿಲಿಮೀಟರ್ ಮೇಲೆ ಕುಳಿತಿತ್ತು. ಅದರ ಮೇಲೆ ಎರಡನೆಯ ಕೊಳವೆ ನೇರವಾಗಿ ನಿಲ್ಲಲಿಲ್ಲ. ಮೇಳದ ದಿನ ರಾಕೆಟ್ ಓರೆಯಾಗಿಯೇ ನಿಂತಿತು. ನೋಡಿದವರು ಯಾರೂ ಏನೂ ಹೇಳಲಿಲ್ಲ. ಐದನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ, "ಸರ್, ಇದು ಹಾರುವಾಗಲೂ ಹೀಗೇ ಓರೆಯಾಗಿ ಹೋಗುತ್ತದಾ?" ಎಂದು ಕೇಳಿದಳು.

ಮನೆಗೆ ಬಂದು ಲೆಕ್ಕ ಮಾಡಿದೆ. ಮಾದರಿಯ ಒಂದು ಮಿಲಿಮೀಟರ್ ನಿಜವಾದ ರಾಕೆಟ್‌ನಲ್ಲಿ 144 ಮಿಲಿಮೀಟರ್. ಎಂದರೆ 14 ಸೆಂಟಿಮೀಟರಿಗಿಂತಲೂ ಹೆಚ್ಚು! ಅಷ್ಟು ತಪ್ಪಿದ ರಾಕೆಟ್ಟನ್ನು ಯಾರಾದರೂ ಹಾರಿಸುತ್ತಾರೆಯೇ? ಆ ಹುಡುಗಿಯ ಪ್ರಶ್ನೆ ಸರಿಯಾಗಿಯೇ ಇತ್ತು.

ನೀವು ಹಾಗೆ ಮಾಡಬೇಡಿರಿ. ಮೊದಲು ಜೋಡಿಸಿ ನೋಡಿರಿ. ಅಂಚು ಸರಿ ಕೂರದಿದ್ದರೆ ಉಜ್ಜಿರಿ. ಪುನಃ ನೋಡಿರಿ. ಆಮೇಲೆ ಅಂಟನ್ನು ತೆಳ್ಳಗೆ ಹಚ್ಚಿ, ರಬ್ಬರ್ ಬ್ಯಾಂಡ್ ಹಾಕಿ, ಒಂದು ರಾತ್ರಿ ಒಣಗಲು ಬಿಡಿರಿ. ಅಂಟು ಹಚ್ಚುವಾಗ ಹಿರಿಯರು ಜೊತೆಗಿರಲಿ. ಕಿಟಕಿಗಳು ತೆರೆದಿರಲಿ. ಅದರ ವಾಸನೆ ಒಳ್ಳೆಯದಲ್ಲ.

ಹಂತ ಹಂತವಾಗಿ

ಈಗ ಕೆಳಗಿನಿಂದ ಮೇಲಕ್ಕೆ ಜೋಡಿಸೋಣ.

ಎಲ್ಲಕ್ಕಿಂತ ಕೆಳಗೆ ಮೊದಲ ಹಂತ. ಅದರ ತಳದಲ್ಲಿ ಗಂಟೆಯಾಕಾರದ ಐದು ಎಂಜಿನ್‌ಗಳು. ಇವಕ್ಕೆ ಬೇಕಾದ ಇಂಧನ ಶುದ್ಧೀಕರಿಸಿದ ಸೀಮೆಎಣ್ಣೆ, ಅಂದರೆ ನಮ್ಮ ಕಡೆಯ ಚಿಮಿಣಿ ಎಣ್ಣೆ! ಅದನ್ನು ಉರಿಸಲು ದ್ರವರೂಪದ ಆಮ್ಲಜನಕವಿತ್ತು. ಹೊರಡುವಾಗ ಸುಮಾರು 2,900 ಟನ್ ತೂಗುತ್ತಿದ್ದ ರಾಕೆಟ್ಟನ್ನು ಈ ಐದು ಎಂಜಿನ್‌ಗಳೇ ಮೇಲೆತ್ತಿದವು. ಸುಮಾರು ಎರಡೂವರೆ ನಿಮಿಷದಲ್ಲಿ ಇಂಧನ ಮುಗಿಯಿತು. ಖಾಲಿ ಕೊಳವೆಯನ್ನು ಹೊತ್ತು ಹೋಗುವುದೇಕೆ? ಮೊದಲ ಹಂತ ಕಳಚಿ ಸಮುದ್ರಕ್ಕೆ ಬಿತ್ತು.

ಅದರ ಮೇಲೆ ಎರಡನೆಯ ಹಂತ. ಇದರಲ್ಲಿಯೂ ಐದು ಎಂಜಿನ್‌ಗಳು. ಅದು ಸುಮಾರು ಆರು ನಿಮಿಷ ಕೆಲಸ ಮಾಡಿ ಕಳಚಿತು. ಮೂರನೆಯ ಹಂತಕ್ಕೆ ಒಂದೇ ಎಂಜಿನ್. ಅದು ಎರಡು ಸಲ ಉರಿಯಿತು. ಮೊದಲ ಸಲ ಭೂಮಿಯನ್ನು ಸುತ್ತುವ ಕಕ್ಷೆಗೆ ಸೇರಿಸಿತು. ಎರಡನೆಯ ಸಲ ಚಂದ್ರನ ದಾರಿ ಹಿಡಿಸಿತು.

ಬಣ್ಣ ಹಚ್ಚುವಾಗ ಬಿಳಿಯ ನಡುವೆ ಕಪ್ಪು ಪಟ್ಟಿಗಳು ಬರುತ್ತವೆ. ಇವು ಅಂದಕ್ಕಾಗಿ ಇದ್ದವಲ್ಲ. ರಾಕೆಟ್ ಹಾರುತ್ತ ತಿರುಗುತ್ತಿದೆಯೇ ಎಂದು ನೆಲದ ಮೇಲಿನ ಕ್ಯಾಮರಾಗಳಿಂದ ತಿಳಿಯಲು ಇವು ನೆರವಾಗುತ್ತಿದ್ದವು. ಆದ್ದರಿಂದ ಪಟ್ಟಿಯ ಜಾಗ ತಪ್ಪಬಾರದು. ಒಂದು ಬಣ್ಣ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದನ್ನು ಹಚ್ಚಿರಿ. ಅಕ್ಷರಗಳ ಅಂಟುಚಿತ್ರಗಳನ್ನು ನೀರಿನಲ್ಲಿ ನೆನೆಸಿ, ಕಾಗದದಿಂದ ಮೆಲ್ಲನೆ ಜಾರಿಸಿ ಕೂರಿಸಿರಿ.

ತುದಿಯ ಪುಟ್ಟ ಶಂಕು

ಇನ್ನು ಉಳಿದದ್ದು ತುದಿಯ ಭಾಗ. ಎಲ್ಲಕ್ಕಿಂತ ಮೇಲಿರುವ ಸೂಜಿಯಂತಹ ಗೋಪುರವೂ ಒಂದು ಪುಟ್ಟ ರಾಕೆಟ್ಟೇ. ಹೊರಡುವಾಗ ಅಪಾಯವಾದರೆ ಯಾತ್ರಿಗಳನ್ನು ದೂರಕ್ಕೆ ಎಳೆದೊಯ್ಯಲು ಅದನ್ನು ಇಟ್ಟಿದ್ದರು. ಅದರ ಕೆಳಗೆ ಒಂದು ಶಂಕುವಿದೆ. ಅದರ ಬುಡದ ಅಗಲ ಮಾದರಿಯಲ್ಲಿ 2.7 ಸೆಂಟಿಮೀಟರ್. ಅದನ್ನು ಅಂಟಿಸುವ ಮೊದಲು ಅಂಗೈಯಲ್ಲಿಟ್ಟು ನೋಡಿರಿ.

1969ರ ಜುಲೈ 16ರಂದು ನೀಲ್ ಆರ್ಮ್‌ಸ್ಟ್ರಾಂಗ್, ಎಡ್ವಿನ್ ಆಲ್ಡ್ರಿನ್ ಮತ್ತು ಮೈಕೆಲ್ ಕಾಲಿನ್ಸ್ ಕುಳಿತು ಹೊರಟದ್ದು ಇಂತಹ ಶಂಕುವಿನೊಳಗೆ. ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಬೇರೊಂದು ಪುಟ್ಟ ನೌಕೆಯಲ್ಲಿ ಚಂದ್ರನ ಮೇಲೆ ಇಳಿದರು. ಕಾಲಿನ್ಸ್ ಒಬ್ಬರೇ ಚಂದ್ರನನ್ನು ಸುತ್ತುತ್ತ ಅವರಿಗಾಗಿ ಕಾದರು. ಜುಲೈ 24ರಂದು ಮೂವರೂ ಪೆಸಿಫಿಕ್ ಸಾಗರದಲ್ಲಿ ಬಂದಿಳಿದರು. 110.6 ಮೀಟರ್ ಎತ್ತರದ ಆ ರಾಕೆಟ್‌ನಲ್ಲಿ ಮರಳಿ ಬಂದದ್ದು ಈ ಶಂಕು ಮಾತ್ರ. ಉಳಿದುದೆಲ್ಲ ಇದನ್ನು ಕಳುಹಿಸಿ, ಮರಳಿ ಕರೆತರುವುದಕ್ಕಾಗಿ ದಾರಿಯಲ್ಲಿ ಕಳಚಿಹೋಯಿತು. ಚಿತ್ರದಲ್ಲಿ ನೋಡಿದಾಗ ಇದು ಮನಸ್ಸಿಗೆ ಬರುವುದಿಲ್ಲ. ಕೆಳಗಿನಿಂದ ಒಂದೊಂದೇ ಹಂತ ಜೋಡಿಸಿ ಇಲ್ಲಿಗೆ ಬಂದ ಕೈಗೆ ಅದು ತಿಳಿಯುತ್ತದೆ.

ನಮ್ಮ ರಾಜ್ಯದಲ್ಲಿ

ರಾಕೆಟ್‌ನ ಕಥೆ ಕೇರಳಕ್ಕೂ ಹೊಸದಲ್ಲ. ತಿರುವನಂತಪುರದ ಬಳಿಯ ತುಂಬಾದಿಂದ 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಸಂಶೋಧನಾ ರಾಕೆಟ್ ಹಾರಿತು. ಆಗ ಅಲ್ಲಿ ರಾಕೆಟ್‌ನ ಭಾಗಗಳನ್ನು ಸೈಕಲ್ ಮೇಲೆ ಸಾಗಿಸಿದ್ದೂ ಉಂಟು. ಅಲ್ಲಿನ ಹಳೆಯ ಇಗರ್ಜಿಯ ಕಟ್ಟಡ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಪ್ರವಾಸ ಹೋದಾಗ ಅಲ್ಲಿನ ರಾಕೆಟ್ ಮಾದರಿಗಳನ್ನು ನೋಡಿರಿ.

2023ರಲ್ಲಿ ಚಂದ್ರಯಾನ-3ನ್ನು ಕೊಂಡೊಯ್ದ ನಮ್ಮ ರಾಕೆಟ್ ಎಲ್‌ವಿಎಂ-3 43.5 ಮೀಟರ್ ಎತ್ತರವಿದೆ. 1/144 ಪ್ರಮಾಣದಲ್ಲಿ ಮಾಡಿದರೆ ಅದು ಎಷ್ಟಾದೀತು? ಲೆಕ್ಕ ಮಾಡಿ, ನಿಮ್ಮ ಚೀಲದಲ್ಲಿರುವ ಅಳತೆಪಟ್ಟಿಯನ್ನು ಮೇಜಿನ ಮೇಲೆ ನೆಟ್ಟಗೆ ಹಿಡಿದು ನೋಡಿರಿ!

ಅಭ್ಯಾಸ

ಪದಗಳ ಅರ್ಥ
ಪ್ರಮಾಣ – ಅಳತೆಯ ಹೋಲಿಕೆ
ಹಂತ – ರಾಕೆಟ್‌ನ ಒಂದೊಂದು ಭಾಗ, ಮೆಟ್ಟಿಲು
ಶಂಕು – ಬುಡ ಅಗಲವಾಗಿ ತುದಿ ಚೂಪಾಗಿರುವ ಆಕಾರ
ಕಕ್ಷೆ – ಸುತ್ತುವ ದಾರಿ
ಇಗರ್ಜಿ – ಕ್ರೈಸ್ತರ ಪ್ರಾರ್ಥನಾ ಮಂದಿರ

ಉತ್ತರಿಸಿರಿ
1. ಬೆಂಕಿಪೊಟ್ಟಣದ ರೈಲಿಗೂ ಪ್ರಮಾಣಬದ್ಧ ಮಾದರಿಗೂ ಇರುವ ವ್ಯತ್ಯಾಸವೇನು?
2. ಅಂಟು ಹಚ್ಚುವ ಮೊದಲು ಭಾಗಗಳನ್ನು ಜೋಡಿಸಿ ನೋಡಬೇಕು, ಏಕೆ?
3. ರಾಕೆಟ್‌ನ ಮೇಲೆ ಕಪ್ಪು ಪಟ್ಟಿಗಳು ಏಕೆ ಇದ್ದವು?
4. ಐದನೆಯ ತರಗತಿಯ ಹುಡುಗಿಯ ಪ್ರಶ್ನೆ ಸರಿಯಾಗಿತ್ತು ಎಂದು ಲೇಖಕರು ಹೇಳಲು ಕಾರಣವೇನು?

ಚರ್ಚಿಸಿರಿ
ಖಾಲಿಯಾದ ಹಂತಗಳನ್ನು ಕಳಚದೆ ಹೊತ್ತುಕೊಂಡೇ ಹೋಗಿದ್ದರೆ ಏನಾಗುತ್ತಿತ್ತು?

ಮಾಡಿ ನೋಡಿರಿ
ಕಿಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಎಂದು ಲೆಕ್ಕ ಹಿಡಿದು, ಶಾಲೆಯ ಜಗಲಿಯ ಮೇಲೆ ಸೀಮೆಸುಣ್ಣದಿಂದ ಸ್ಯಾಟರ್ನ್-5ರ ಚಿತ್ರ ಬರೆಯಿರಿ. ಮೊದಲ ಹಂತ 42, ಎರಡನೆಯದು 25, ಮೂರನೆಯದು 18, ಮೇಲಿನ ಭಾಗ 25 ಸೆಂಟಿಮೀಟರ್. ತಳದ ಅಗಲ 10 ಸೆಂಟಿಮೀಟರ್. ಅದೇ ಪ್ರಮಾಣದಲ್ಲಿ ಪಕ್ಕದಲ್ಲಿ ನಿಮ್ಮನ್ನೂ ಬರೆಯಿರಿ.