ದೊಡ್ಡ ತಳಿಯ ನಾಯಿಗಳಲ್ಲಿ ಮಂಡಿಯ ತೊಂದರೆ: ಕಾರಣ ಮತ್ತು ಮುನ್ನೆಚ್ಚರಿಕೆ

ಲ್ಯಾಬ್ರಡಾರ್, ರಾಟ್‌ವೀಲರ್, ಮ್ಯಾಸ್ಟಿಫ್ ಮುಂತಾದ ದೊಡ್ಡ ತಳಿಯ ನಾಯಿಯೊಂದು ಹಠಾತ್ತನೆ ಹಿಂಗಾಲನ್ನು ಎತ್ತಿಕೊಂಡು ಕುಂಟತೊಡಗಿದರೆ, ಎಲ್ಲೋ ಜಿಗಿದು ಉಳುಕಿರಬೇಕೆಂದು ಮನೆಯವರು ಭಾವಿಸುವುದು ಸಹಜ. ಆದರೆ ಬಹುಪಾಲು ಸಂದರ್ಭಗಳಲ್ಲಿ ಈ ದೋಷವು ಬಹಳ ಹಿಂದೆಯೇ ಮಂಡಿಯೊಳಗೆ ಆರಂಭವಾಗಿರುತ್ತದೆ.

ಮಂಡಿಯ ರಚನೆ

ನಾಯಿಯ ಮಂಡಿಯಲ್ಲಿ ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಬಂಧಿಸುವ ಎರಡು ಅಸ್ಥಿರಜ್ಜುಗಳು ಕತ್ತರಿಯಂತೆ ಹಾಯ್ದಿರುತ್ತವೆ. ಇವುಗಳಲ್ಲಿ ಮುಂಭಾಗದ ರಜ್ಜುವು ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುತ್ತದೆ. ಆ ಮೂಳೆಯ ಮೇಲ್ತುದಿಯು ಹಿಂದಕ್ಕೆ ಇಳಿಜಾರಾಗಿರುವುದರಿಂದ, ನಾಯಿ ಹೆಜ್ಜೆಯೂರಿದಾಗಲೆಲ್ಲ ರಜ್ಜುವಿನ ಮೇಲೆ ಎಳೆತ ಬೀಳುತ್ತದೆ. ಎಳೆಗಳು ಕ್ರಮೇಣ ಸವೆದು, ಕೊನೆಗೆ ಸಾಧಾರಣ ಓಟದಲ್ಲಿಯೂ ಹರಿಯಬಹುದು. ಒಂದು ಮಂಡಿ ಕೆಟ್ಟ ಅನೇಕ ನಾಯಿಗಳಲ್ಲಿ ಮುಂದೆ ಇನ್ನೊಂದೂ ಕೆಡುತ್ತದೆ.

ಅಪಾಯವನ್ನು ಹೆಚ್ಚಿಸುವ ಅಂಶಗಳು

ತಳಿ, ಅನುವಂಶಿಕತೆ ಹಾಗೂ ವಯಸ್ಸನ್ನು ಬದಲಿಸಲಾಗದು. ಆದರೆ ಉಳಿದ ಕೆಲವು ಅಂಶಗಳು ಸಾಕುವವರ ಕೈಯಲ್ಲಿವೆ.

1. ದೇಹತೂಕ: ಇದು ಮುಖ್ಯವಾದುದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳ ಮೇಲೆ ನಡೆದು, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯವುಗಳಿಗಿಂತ ಶೇಕಡ 25ರಷ್ಟು ಕಡಿಮೆ ಆಹಾರ ಪಡೆದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬಾಳಿದವು; ಅವುಗಳಿಗೆ ಕೀಲುಗಳ ಸವೆತವೂ ತಡವಾಗಿ ತೋರಿತು. ಪಕ್ಕೆಲುಬುಗಳು ಕೈಗೆ ಸುಲಭವಾಗಿ ಸಿಗದಿದ್ದರೆ ನಾಯಿಗೆ ಬೊಜ್ಜು ಬಂದಿದೆಯೆಂದು ತಿಳಿಯಬೇಕು.

2. ಎಳೆವಯಸ್ಸಿನ ಸಂತಾನಹರಣ ಚಿಕಿತ್ಸೆ: 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷ ತುಂಬುವ ಮೊದಲೇ ಈ ಚಿಕಿತ್ಸೆಗೆ ಒಳಗಾದ ಗೋಲ್ಡನ್ ರಿಟ್ರೀವರ್‌ಗಳ ಪೈಕಿ ಗಂಡುಗಳಲ್ಲಿ ಸುಮಾರು ಶೇಕಡ 5, ಹೆಣ್ಣುಗಳಲ್ಲಿ ಸುಮಾರು ಶೇಕಡ 8ರಷ್ಟಕ್ಕೆ ರಜ್ಜು ಹರಿದಿತ್ತು, ಚಿಕಿತ್ಸೆಯಾಗದ ನಾಯಿಗಳಲ್ಲಿ ಒಂದೂ ಪ್ರಕರಣವಿರಲಿಲ್ಲ. ಆದ್ದರಿಂದ ಚಿಕಿತ್ಸೆಯನ್ನೇ ಕೈಬಿಡಬೇಕೆಂದಲ್ಲ. ಅದಕ್ಕೆ ತಕ್ಕ ವಯಸ್ಸನ್ನು ಪಶುವೈದ್ಯರೊಡನೆ ಆಲೋಚಿಸಿ ನಿರ್ಧರಿಸಬೇಕು.

3. ಮರಿಗಳ ಪೋಷಣೆ: ಸಮತೋಲಿತ ಆಹಾರ ತಿನ್ನುವ ಮರಿಗೆ ಕ್ಯಾಲ್ಸಿಯಂ ಔಷಧವನ್ನು ಹೆಚ್ಚುವರಿಯಾಗಿ ಕೊಡುವುದರಿಂದ ಮೂಳೆಗಳು ಬಲಗೊಳ್ಳುವುದಿಲ್ಲ, ಅವುಗಳ ಬೆಳವಣಿಗೆಯೇ ಕೆಡಬಹುದು.

4. ಚಟುವಟಿಕೆ: ವಾರವಿಡೀ ಮನೆಯೊಳಗೆ ಕಟ್ಟಿಹಾಕಿದ ನಾಯಿಯನ್ನು ಭಾನುವಾರ ಒಮ್ಮೆಲೇ ಓಡಿಸುವುದಕ್ಕಿಂತ ನಿತ್ಯದ ನಡಿಗೆ ಹಿತಕರ. ನುಣುಪಾದ ನೆಲದ ಮೇಲೆ ಕಾಲು ಜಾರದಂತೆ ಚಾಪೆ ಹಾಸುವುದು ಒಳ್ಳೆಯದು.

ಲಕ್ಷಣಗಳು ಮತ್ತು ಚಿಕಿತ್ಸೆ

ಮಲಗಿದ್ದು ಎದ್ದಾಗ ಕುಂಟುವುದು, ಕುಳಿತಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚುವುದು, ಮೆಟ್ಟಿಲು ಹತ್ತಲು ಹಿಂಜರಿಯುವುದು ಆರಂಭದ ಚಿಹ್ನೆಗಳು. ಇಂತಹ ನಾಯಿಗೆ ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಕೊಡಲೇಬಾರದು. ಐಬುಪ್ರೊಫೆನ್‌ನಂತಹ ಔಷಧಗಳು ನಾಯಿಗಳ ಜಠರ ಮತ್ತು ಮೂತ್ರಪಿಂಡಗಳಿಗೆ ಮಾರಕವಾಗಬಲ್ಲವು. ರಜ್ಜು ಪೂರ್ಣವಾಗಿ ಹರಿದ ದೊಡ್ಡ ನಾಯಿಗಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನು ಸೂಚಿಸಲಾಗುತ್ತದೆ. ಮೂಳೆಯ ತುದಿಯ ಇಳಿಜಾರನ್ನು ಕತ್ತರಿಸಿ ಸಮಗೊಳಿಸುವುದು ಅದರ ಒಂದು ವಿಧಾನ. ಇದು ದುಬಾರಿಯಾದುದು, ಚೇತರಿಕೆಗೆ ತಿಂಗಳುಗಳೇ ಬೇಕು.

ನಾಯಿಗೆ ತನ್ನ ನೋವನ್ನು ಹೇಳಿಕೊಳ್ಳಲು ಬಾರದು. ಮರಿಯಾಗಿದ್ದಾಗಿನಿಂದಲೇ ಅಳತೆಯ ಆಹಾರ ನೀಡಿ, ತಿಂಗಳಿಗೊಮ್ಮೆ ತೂಕ ನೋಡಿ, ಮೊದಲ ಕುಂಟಿಗೇ ಪಶುವೈದ್ಯರಿಗೆ ತೋರಿಸಿದರೆ ಅದರ ನಡಿಗೆಯನ್ನು ಬಹುಕಾಲ ಕಾಪಾಡಬಹುದು.