ಒಂದಿಂಚಾ, ಎರಡಿಂಚಾ? ತೋಟದ ಪೈಪಿನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್

ಮೆಕ್ಯಾನಿಕಲ್ ಮತ್ತು ಸಿವಿಲ್‌ನವರಿಗೆ ಎರಡನೇ ವರ್ಷ ಅಂದ್ರೆ ಫ್ಲೂಯಿಡ್ ಮೆಕ್ಯಾನಿಕ್ಸ್. ಬರ್ನೌಲಿ ಸಮೀಕರಣದ ಡೆರಿವೇಶನ್ ನಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ. ಆದ್ರೆ ರಜೆಗೆ ಊರಿಗೆ ಹೋದಾಗ ಯಾರೂ ಡೆರಿವೇಶನ್ ಕೇಳೋದಿಲ್ಲ. "ಇಂಜಿನಿಯರಿಂಗ್ ಓದ್ತಾ ಇದ್ದೀಯಲ್ಲ, ತೋಟಕ್ಕೆ ಒಂದಿಂಚಿನ ಪೈಪ್ ಹಾಕೋದಾ, ಎರಡಿಂಚಿಂದಾ?" ಅಂತ ಕೇಳ್ತಾರೆ. ನಮ್ಮ ಉತ್ತರ ತಪ್ಪಾದ್ರೆ ಹೋಗೋದು ಎರಡು ಮಾರ್ಕ್ಸ್ ಅಲ್ಲ, ಮನೆಯವರ ದುಡ್ಡು. ಈ ಸಲ ಆ ಒಂದೇ ಪ್ರಶ್ನೆಯನ್ನ ಹಿಡಿದು, ಸಿಲಬಸ್‌ನ ಮೂಲಪಾಠಗಳನ್ನ ನೋಡೋಣ.

ನಮ್ಮ ಲೆಕ್ಕ

ಜಾಗ ಭಟ್ಕಳ ತಾಲೂಕಿನ ಕಾಯ್ಕಿಣಿ, ಮುರುಡೇಶ್ವರದ ಹತ್ತಿರ. ಮಳೆಗಾಲದಲ್ಲಿ ಅಲ್ಲಿ ನೀರು ಸಾಕಪ್ಪಾ ಸಾಕು ಅನ್ನೋಷ್ಟು. ಬೇಸಿಗೆಯಲ್ಲಿ ಮಾತ್ರ ತೆಂಗು, ಅಡಿಕೆಗೆ ನೀರು ಬಿಡಲೇಬೇಕು. ಅಲ್ಲಿ ಒಂದು ತೋಟ ಇದೆ ಅಂತ ಇಟ್ಕೊಳ್ಳಿ. ಟ್ಯಾಂಕಿನ ನೀರಿನ ಮಟ್ಟ ಪೈಪಿನ ಬಾಯಿಗಿಂತ 5 ಮೀಟರ್ ಮೇಲಿದೆ. ಪೈಪಿನ ಉದ್ದ 40 ಮೀಟರ್, ಒಳವ್ಯಾಸ ಒಂದಿಂಚು, ಅಂದ್ರೆ 25 ಮಿಲಿಮೀಟರ್.

ಬಾಯಿಪಾಠದ ಬರ್ನೌಲಿ ಹಾಕಿದ್ರೆ ವೇಗ ಅಂದ್ರೆ 2 × 9.81 × 5 ರ ವರ್ಗಮೂಲ: ಸೆಕೆಂಡಿಗೆ 9.9 ಮೀಟರ್. ಪೈಪಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದ್ರೆ ಸೆಕೆಂಡಿಗೆ 4.9 ಲೀಟರ್. 20 ಲೀಟರ್ ಬಕೆಟ್ ನಾಲ್ಕೇ ಸೆಕೆಂಡಿಗೆ ತುಂಬಬೇಕು! ಅಷ್ಟುದ್ದದ ಒಂದಿಂಚಿನ ಪೈಪಿನಲ್ಲಿ ಹಾಗೆ ತುಂಬೋದಿಲ್ಲ ಅಂತ ತೋಟದಲ್ಲಿ ಕೆಲಸ ಮಾಡೋ ಯಾರನ್ನ ಕೇಳಿದ್ರೂ ಹೇಳ್ತಾರೆ.

ಸಮೀಕರಣ ಸುಳ್ಳಾ? ಅಲ್ಲ. ಅದರ ಜೊತೆಗೇ ಕೆಲವು ಷರತ್ತುಗಳಿವೆ: ಹರಿವು ಸ್ಥಿರವಾಗಿರಬೇಕು, ಸಾಂದ್ರತೆ ಬದಲಾಗಬಾರದು, ಘರ್ಷಣೆ ಇರಬಾರದು. ಡೆರಿವೇಶನ್‌ನ ಮೊದಲ ಸಾಲಲ್ಲಿ ಬರೆದು ನಾವು ಮರೆತುಬಿಡೋದು ಇವನ್ನೇ. ನಮ್ಮ ತೋಟದಲ್ಲಿ ಮೂರನೇ ಷರತ್ತು ಮುರಿದುಬಿದ್ದಿದೆ.

41 ಪಾಲಿನ ಕಥೆ

ವೇಗದ ವರ್ಗವನ್ನ 2 × 9.81 ರಿಂದ ಭಾಗಿಸಿದ್ರೆ ಸಿಗೋದು ವೆಲಾಸಿಟಿ ಹೆಡ್. ಡಾರ್ಸಿ ಸೂತ್ರದ ಪ್ರಕಾರ ಘರ್ಷಣೆಯಲ್ಲಿ ಕಳೆದುಹೋಗೋ ಹೆಡ್ ಅಂದ್ರೆ ಫ್ರಿಕ್ಷನ್ ಫ್ಯಾಕ್ಟರ್ × ಉದ್ದ ÷ ವ್ಯಾಸ, ಇಷ್ಟು ವೆಲಾಸಿಟಿ ಹೆಡ್‌ಗಳು. ಫ್ಯಾಕ್ಟರ್ 0.025 ಅಂತ ಹಿಡಿಯೋಣ. 0.025 × 40 ÷ 0.025 = 40. ಅಂದ್ರೆ 5 ಮೀಟರ್ ಹೆಡ್‌ನ 41 ಪಾಲು ಮಾಡಿದ್ರೆ 40 ಪಾಲು ಪೈಪಿನ ಗೋಡೆಗೆ ಉಜ್ಜಿಯೇ ಹೋಗುತ್ತೆ. ವೇಗವಾಗಿ ಹೊರಗೆ ಬರೋದು ಒಂದೇ ಒಂದು ಪಾಲು!

ಈಗ ವೇಗ 9.9 ÷ 41 ರ ವರ್ಗಮೂಲ = ಸೆಕೆಂಡಿಗೆ 1.55 ಮೀಟರ್. ಹರಿವು ಸೆಕೆಂಡಿಗೆ 0.76 ಲೀಟರ್. ಬಕೆಟ್ ತುಂಬೋಕೆ 26 ಸೆಕೆಂಡ್. ಇದು ನಂಬೋ ಹಾಗಿದೆ.

ಹೆಬ್ಬೆರಳಿನ ಗುಟ್ಟು

ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ್ರೆ ನೀರು ದೂರ ಚಿಮ್ಮುತ್ತೆ. "ಕಂಟಿನ್ಯೂಟಿ ಸರ್" ಅಂತ ನಾವೆಲ್ಲ ಉತ್ತರ ಕೊಡ್ತೀವಿ. ಅದು ಅರ್ಧ ಉತ್ತರ. ಬಾಯಿಯ ವಿಸ್ತೀರ್ಣ ಕಾಲುಭಾಗ ಆದ್ರೆ, ಬಾಯಲ್ಲಿನ ವೇಗ ಪೈಪಿನೊಳಗಿನ ವೇಗದ ನಾಲ್ಕರಷ್ಟು. ಕಂಟಿನ್ಯೂಟಿ ಹೇಳೋದು ಇಷ್ಟೇ. ಒತ್ತುವ ಮೊದಲು ಇದ್ದ ಹರಿವೇ ಈಗಲೂ ಇದೆ ಅಂತ ಅದು ಹೇಳೋದೇ ಇಲ್ಲ.

ಲೆಕ್ಕ ಹಾಕಿ: ಗೋಡೆಗೆ 40 ಪಾಲು, ಹೊರಗೆ 4 ರ ವರ್ಗ ಅಂದ್ರೆ 16 ಪಾಲು, ಒಟ್ಟು 56. ಪೈಪಿನೊಳಗೆ ವೇಗ 1.32ಕ್ಕೆ ಇಳಿಯುತ್ತೆ, ಬಾಯಲ್ಲಿ 5.3ಕ್ಕೆ ಏರುತ್ತೆ. ಹರಿವು ಕಡಿಮೆಯಾದ್ದರಿಂದ ಘರ್ಷಣೆಯ ನಷ್ಟ ಕಡಿಮೆಯಾಯ್ತು, ಉಳಿದ ಒತ್ತಡ ಬಾಯಲ್ಲಿ ವೇಗವಾಯ್ತು. ಘರ್ಷಣೆಯೇ ಇಲ್ಲದ ಪೈಪಾಗಿದ್ರೆ ಒತ್ತಿದ್ರೂ ಬಿಟ್ರೂ ವೇಗ ಅದೇ 9.9. ಹೆಬ್ಬೆರಳಿನ ಆಟ ನಡೆಯೋದೇ ಘರ್ಷಣೆ ಇರೋದ್ರಿಂದ.

ಹಾಗಾದ್ರೆ ಯಾವ ಪೈಪ್?

ಎರಡಿಂಚು, ಅಂದ್ರೆ 50 ಮಿಲಿಮೀಟರ್ ಹಾಕಿದ್ರೆ ಗೋಡೆಗೆ 20 ಪಾಲು, ಒಟ್ಟು 21. ವೇಗ 2.16, ಹರಿವು ಸೆಕೆಂಡಿಗೆ 4.2 ಲೀಟರ್. ವಿಸ್ತೀರ್ಣ ನಾಲ್ಕು ಪಟ್ಟಾದ್ರೆ ನೀರು ಐದೂವರೆ ಪಟ್ಟು! ಒಂದೂವರೆ ಇಂಚಿಗೆ (38 ಮಿಲಿಮೀಟರ್) ಸುಮಾರು 2.1 ಲೀಟರ್, ಹೆಚ್ಚುಕಡಿಮೆ ಮೂರು ಪಟ್ಟು. ತಿರುವು, ವಾಲ್ವ್‌ಗಳ ನಷ್ಟ ನಾವು ಸೇರಿಸಿಲ್ಲ. ಸೇರಿಸಿದ್ರೆ ಇನ್ನೂ ಸ್ವಲ್ಪ ಇಳಿಯುತ್ತೆ.

ಆದ್ರೆ ಪೈಪ್ ನೀರು ಹುಟ್ಟಿಸೋದಿಲ್ಲ. 1000 ಲೀಟರ್ ಟ್ಯಾಂಕ್ ಒಂದಿಂಚಲ್ಲಿ ಸುಮಾರು 22 ನಿಮಿಷ ಬಂದ್ರೆ, ಎರಡಿಂಚಲ್ಲಿ ನಾಲ್ಕು ನಿಮಿಷಕ್ಕೆ ಖಾಲಿ. ಹಾಗಾಗಿ ಮನೆಯವರನ್ನ ನಾವು ಮೊದಲು ಕೇಳಬೇಕಾದ್ದು "ಬಾವಿ, ಪಂಪು ಗಂಟೆಗೆ ಎಷ್ಟು ನೀರು ಕೊಡುತ್ತೆ?" ಅಂತ. ಅದಕ್ಕಿಂತ ದಪ್ಪ ಪೈಪಿಗೆ ಹಾಕೋ ದುಡ್ಡು ದಂಡ.

ಇದೇ ಲೆಕ್ಕ, ಶರಾವತಿಯಲ್ಲಿ

ಕಾಯ್ಕಿಣಿಯಿಂದ ಉತ್ತರಕ್ಕೆ ಹೊನ್ನಾವರದಲ್ಲಿ ಸಮುದ್ರ ಸೇರೋ ಶರಾವತಿ, ಘಟ್ಟದ ಮೇಲೆ ಇದೇ ಪಾಠವನ್ನ ದೊಡ್ಡದಾಗಿ ಮಾಡುತ್ತೆ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟ್‌ನ 10 ಯುನಿಟ್‌ಗಳಿವೆ, ಒಟ್ಟು 1035 ಮೆಗಾವ್ಯಾಟ್. ಹೆಡ್ ಸುಮಾರು 440 ಮೀಟರ್. ದಕ್ಷತೆ ಶೇ. 90 ಅಂತ ಹಿಡಿದ್ರೆ ಒಂದು ಯುನಿಟ್‌ಗೆ ಸೆಕೆಂಡಿಗೆ ಸುಮಾರು 27 ಟನ್ ನೀರು ಬೇಕು. ಅಲ್ಲಿ 41ರಲ್ಲಿ 40 ಪಾಲು ಗೋಡೆಗೆ ಹೋದ್ರೆ ದೀಪ ಉರಿಯೋದು ಹೇಗೆ? ಅದಕ್ಕೇ ಪೆನ್‌ಸ್ಟಾಕ್ ಅಷ್ಟು ದಪ್ಪ. ಹರಿವು ಅಷ್ಟೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿದ್ರೆ ನಷ್ಟ 32ನೇ ಒಂದು ಭಾಗಕ್ಕೆ ಇಳಿಯುತ್ತೆ.

0.025ರ ಹಿಂದೆ ಏನಿದೆ?

ಈ ಫ್ಯಾಕ್ಟರ್ ಎಲ್ಲಾ ಹರಿವಿಗೂ ಒಂದೇ ಅಲ್ಲ. 1883ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಬಿಟ್ಟು ನೋಡಿದ್ರು. ವೇಗ ಕಡಿಮೆ ಇದ್ರೆ ಎಳೆ ನೇರ, ಹೆಚ್ಚಾದ್ರೆ ಕಲಕಿಹೋಗುತ್ತೆ. ವೇಗ × ವ್ಯಾಸ ÷ ಕೈನಮ್ಯಾಟಿಕ್ ವಿಸ್ಕಾಸಿಟಿ, ಇದೇ ರೆನಾಲ್ಡ್ಸ್ ಸಂಖ್ಯೆ. ಪೈಪಿನಲ್ಲಿ ಇದು ಸುಮಾರು 2,000ಕ್ಕಿಂತ ಕಡಿಮೆ ಇದ್ರೆ ಹರಿವು ಲ್ಯಾಮಿನಾರ್, 4,000 ದಾಟಿದ್ರೆ ಸಾಮಾನ್ಯವಾಗಿ ಟರ್ಬುಲೆಂಟ್. ನಮ್ಮ ಒಂದಿಂಚಿನ ಪೈಪಿಗೆ, ನೀರು 30 ಡಿಗ್ರಿ ಇದ್ರೆ, ಸುಮಾರು 48,000. ಪಕ್ಕಾ ಟರ್ಬುಲೆಂಟ್.

ಲ್ಯಾಮಿನಾರ್‌ನಿಂದ ಟರ್ಬುಲೆಂಟ್‌ಗೆ ದಾಟೋ ಆ ನಡುವಿನ ಸ್ಥಿತಿಯನ್ನ ಅರ್ಥ ಮಾಡಿಕೊಳ್ಳೋದ್ರಲ್ಲಿ ನಮ್ಮವರ ಪಾಲೂ ದೊಡ್ಡದು. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದ್ರೆ ಈಗಿನ ಯುವಿಸಿಇಯಲ್ಲಿ, 1953ರಲ್ಲಿ ಮೆಕ್ಯಾನಿಕಲ್ ಮುಗಿಸಿದ ರೊದ್ದಂ ನರಸಿಂಹ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಶಿಷ್ಯರಾದ್ರು. ಬೌಂಡರಿ ಲೇಯರ್‌ನ ಆ ಸ್ಥಿತಿಯ ಬಗ್ಗೆ ಇಬ್ಬರೂ ಸೇರಿ 1958ರಲ್ಲಿ ಪ್ರಕಟಿಸಿದ ಪ್ರಬಂಧವನ್ನ ಆ ವಿಷಯದವರು ಇವತ್ತಿಗೂ ಉಲ್ಲೇಖಿಸ್ತಾರೆ. ಅವರೂ ನಮ್ಮ ಹಾಗೆ ಒಮ್ಮೆ ಸೆಕೆಂಡ್ ಇಯರ್ ಮೆಕ್ಯಾನಿಕಲ್‌ನವರೇ ಅಲ್ವಾ!

ಇನ್ನು ನಿಮ್ಮ ಸರದಿ

ಮುಂದಿನ ಸಲ ಊರಿಗೆ ಹೋದಾಗ ಒಂದು ಬಕೆಟ್, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಅಳತೆ ಟೇಪ್ ಹಿಡ್ಕೊಂಡು ಟ್ಯಾಂಕಿನ ಹತ್ತಿರ ಹೋಗಿ. ಎತ್ತರ, ಉದ್ದ, ವ್ಯಾಸ, ಬಕೆಟ್ ತುಂಬೋ ಸಮಯ, ಈ ನಾಲ್ಕು ಅಳೆದ್ರೆ ನಿಮ್ಮ ಪೈಪಿನ ಫ್ರಿಕ್ಷನ್ ಫ್ಯಾಕ್ಟರ್ ನೀವೇ ಕಂಡುಹಿಡೀಬಹುದು. 0.025ಕ್ಕಿಂತ ತುಂಬಾ ಜಾಸ್ತಿ ಬಂದ್ರೆ ತಿರುವು, ಅರ್ಧ ಮುಚ್ಚಿದ ವಾಲ್ವ್, ಒಳಗೆ ಕಟ್ಟಿದ ಪಾಚಿ, ಯಾವುದು ಕಾರಣ ಅಂತ ಹುಡುಕಿ. ಸಿಕ್ಕ ಸಂಖ್ಯೆ ನಮ್ಮ ಕ್ಲಬ್ಬಿಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲಾ ಊರಿನ ಪೈಪುಗಳನ್ನ ಒಂದೇ ಗ್ರಾಫಿನಲ್ಲಿ ಹಾಕೋಣ.