ಕಲ್ಲಿನ ಉಣ್ಣೆ



ಕಳೆದ ವಾರ ನಮ್ಮ ವಾಚನಾಲಯಕ್ಕೆ ಬಂದಿದ್ದ ಬಾಯ್ಲರ್ ಖಾತೆಯ ಗೆಳೆಯರೊಬ್ಬರು ಮುಂಗೈ ಕೆರೆದುಕೊಳ್ಳುತ್ತ, "ರಾಯರೇ, ಉಗಿಯ ಕೊಳವೆಗೆ ಸುತ್ತುವ ಈ ಉಣ್ಣೆ ಯಾವ ಕುರಿಯದು?" ಎಂದು ಕೇಳಿದರು. ಗಿರಣಿಯ ಲೆಡ್ಜರಿನಲ್ಲಿ 'ರಾಕ್ ವುಲ್' ಎಂದು ಎಷ್ಟೋ ಸಲ ಬರೆದಿದ್ದ ನನಗೂ ಉತ್ತರ ತಿಳಿದಿರಲಿಲ್ಲ. ಓದಿ ತಿಳಿದುದನ್ನು ಇಲ್ಲಿ ಹೇಳುತ್ತೇನೆ.

ಇದು ಕುರಿಯದಲ್ಲ, ಕಲ್ಲಿನ ಉಣ್ಣೆ. ಬಸಾಲ್ಟ್ ಎಂಬ ಕಪ್ಪು ಕಲ್ಲನ್ನು ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗಿಸಿ, ಆ ರಸವನ್ನು ವೇಗವಾಗಿ ತಿರುಗುವ ಚಕ್ರಗಳ ಮೇಲೆ ಸುರಿಯುತ್ತಾರೆ. ಜಾತ್ರೆಯ ಬೊಂಬಾಯಿ ಮಿಠಾಯಿಯಂತೆ ಅದು ಕೂದಲಿಗಿಂತ ಸಣ್ಣ ಎಳೆಗಳಾಗುತ್ತದೆ. ಎಳೆಗಳಿಗೆ ಅಂಟು ಸೇರಿಸಿ ಹಾಸು ಮಾಡುತ್ತಾರೆ. ಕಬ್ಬಿಣದ ಕುಲುಮೆಯ ಕಿಟ್ಟದಿಂದ ಇಂಥ ಉಣ್ಣೆಯನ್ನು ಜರ್ಮನಿಯಲ್ಲಿ 1871ರಲ್ಲೇ ತಯಾರಿಸಿದ್ದರು.

ಶಾಖವನ್ನು ತಡೆಯುವುದು ಕಲ್ಲಲ್ಲ, ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗದೆ ನಿಂತ ಗಾಳಿಯಲ್ಲಿ ಶಾಖ ಬಹು ನಿಧಾನವಾಗಿ ಹಾಯುತ್ತದೆ. ಕಂಬಳಿ ನಮ್ಮನ್ನು ಬೆಚ್ಚಗಿಡುವುದೂ ಹೀಗೆಯೇ. ಆದರೆ ಕಂಬಳಿ ಸುಟ್ಟೀತು, ಕಲ್ಲಿನ ಎಳೆ ಉರಿಯದು.

ಆದುದರಿಂದ ಹಾಸನ್ನು ಬಿಗಿದು ಕಟ್ಟಿ ತೆಳುವಾಗಿಸಬಾರದು. ಒದ್ದೆಯಾಗಲೂ ಬಿಡಬಾರದು. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಶಾಖವನ್ನು ಹಾಯಿಸುತ್ತದೆ. ಒದ್ದೆ ಹೊದಿಕೆಯ ಕೆಳಗೆ ಕೊಳವೆಯೂ ತುಕ್ಕು ಹಿಡಿಯುತ್ತದೆ.

ಇನ್ನು ತುರಿಕೆಯ ಮಾತು. ಎಳೆಗಳು ಚರ್ಮಕ್ಕೆ ಚುಚ್ಚುವುದೇ ಅದಕ್ಕೆ ಕಾರಣ. ತುಂಬು ತೋಳಿನ ಅಂಗಿ, ಕೈಗವಸು, ಕನ್ನಡಕ, ಮೂಗು ಬಾಯಿಗೆ ಮಾಸ್ಕ್ ಇರಲಿ. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬೇಡಿ. ಈ ಉಣ್ಣೆ ಕ್ಯಾನ್ಸರ್ ತರುತ್ತದೆಂದು ಹೇಳಲು ಸಾಕಷ್ಟು ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2002ರಲ್ಲಿ ಪ್ರಕಟಿಸಿತು.

ಆದರೆ ಆಸ್ಬೆಸ್ಟಾಸ್ ಹಾಗಲ್ಲ. ಹಳೆಯ ಕೊಳವೆಗಳ ಮೇಲೆ ಬಿಳಿ ಗಾರೆಯಂತೆ ಮೆತ್ತಿದ ಹೊದಿಕೆಯಲ್ಲಿ ಅದು ಇದ್ದೀತು. ಅದರ ಧೂಳು ಒಳಹೊಕ್ಕರೆ ಹತ್ತಾರು ವರ್ಷಗಳ ಮೇಲೆ ಶ್ವಾಸಕೋಶದ ರೋಗ, ಕ್ಯಾನ್ಸರ್ ತಲೆದೋರಬಹುದು. ಕಣ್ಣಿನಿಂದ ನೋಡಿ ಅದನ್ನು ಗುರುತಿಸಲಾಗದು, ಪರೀಕ್ಷೆಯೇ ಆಗಬೇಕು.

ಹಳೆಯ ಹೊದಿಕೆಯನ್ನು ಏನು ಮಾಡಿದಿರಿ ಎಂದು ಗೆಳೆಯರನ್ನು ಕೇಳಿದೆ. "ಒಂದು ಕಡೆ ಇನ್ನೂ ಇದೆ, ಮಳೆಗಾಲ ಮುಗಿದ ಮೇಲೆ ನಾವೇ ಕೀಳಬೇಕು" ಎಂದರು. ಅದಕ್ಕಾಗಿಯೇ ಈ ಲೇಖನವನ್ನು ಅವಸರದಿಂದ ಬರೆದೆ. ಪರೀಕ್ಷೆಯಾಗದೆ ಅದಕ್ಕೆ ಕೈ ಹಚ್ಚಬೇಡಿರಿ. ಮೇಲಧಿಕಾರಿಗಳಿಗೆ ಬರೆದು ಕೇಳಿರಿ. ಅರ್ಜಿ ಬರೆಯಲು ಬಾರದವರು ಸಂಜೆ ವಾಚನಾಲಯಕ್ಕೆ ಬಂದರೆ ನಾನು ಬರೆದು ಕೊಡುತ್ತೇನೆ.